ಪರದೇಶದ ಕೊನೆಯ ಹಾಡು

ನಮ್ಮ ತರುಣ ತರುಣಿಯರ ಹಾಡಿನ ಮೇಳವೊಂದು ಸಮುದ್ರವನ್ನು ದಾಟಿ ಪರದೇಶಕ್ಕೆ ಹೊರಟಿತೆಂದರೆ ಆ ಸಮಾಚಾರವು ಪತ್ರಿಕೆಗಳಲ್ಲಿ ತಪ್ಪದೆ ಪ್ರಕಟವಾಗುತ್ತದೆ. ಹಾರ ಹಾಕಿಸಿಕೊಂಡು ಸಾಲಾಗಿ ನಿಂತವರ ಚಿತ್ರ ಬರುತ್ತದೆ. ಬೀಳ್ಕೊಟ್ಟ ಮಹನೀಯರ ಭಾಷಣದ ಸಾರಾಂಶ ಬರುತ್ತದೆ. ಮೊದಲನೆಯ ಕಚೇರಿಗೆ ಜನ ಕಿಕ್ಕಿರಿದು ನೆರೆದಿದ್ದರೆಂಬ ವರದಿಯೂ ಬರುತ್ತದೆ. ಆ ಯಾತ್ರೆಯ ಕೊನೆಯ ದಿನ ಏನಾಯಿತೆಂಬುದನ್ನು ಮಾತ್ರ ಬರೆಯುವವರೂ ಇಲ್ಲ, ಕೇಳುವವರೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ವಿಚಾರಾರ್ಹವಾದದ್ದು ಆ ಕೊನೆಯ ದಿನವೇ.

ಆ ದಿನದ ಸ್ಥಿತಿಯನ್ನು ವಾಚಕರು ಸುಲಭವಾಗಿ ಊಹಿಸಿಕೊಳ್ಳಬಹುದು. ಊರೂರು ಸುತ್ತಿ ಕಂಠ ಬಳಲಿರುತ್ತದೆ. ಪೆಟ್ಟಿಗೆಗಳು ಕಟ್ಟಿ ಸಿದ್ಧವಾಗಿರುತ್ತವೆ. ಬೀಳ್ಕೊಡುಗೆಯ ಕಚೇರಿಯ ಕಡೆಗೆ ಅತಿಥೇಯರೂ ಅತಿಥಿಗಳೂ ಒಂದೇ ವೇದಿಕೆಯ ಮೇಲೆ ನಿಂತು ಒಂದು ಹಾಡನ್ನು ಕೂಡಿ ಹಾಡುವುದು ಅನೇಕ ಕಡೆಗಳಲ್ಲಿ ರೂಢಿ. ಚಪ್ಪಾಳೆ ನಿಂತ ಮೇಲೆ ದೀಪಗಳು ಆರುತ್ತವೆ. ವಾರಗಟ್ಟಲೆ ಒಂದೇ ಕಂಠವಾಗಿದ್ದವರು ಮರುದಿನದಿಂದ ಒಬ್ಬ ವಿದ್ಯಾರ್ಥಿ, ಒಬ್ಬ ಗುಮಾಸ್ತೆ, ಒಬ್ಬ ರೈತನ ಮಗ, ಒಬ್ಬ ಉಪಾಧ್ಯಾಯಿನಿ ಎಂದು ಬಿಡಿಬಿಡಿಯಾಗಿ ಚದುರುತ್ತಾರೆ. ಹೋದದ್ದು ಏತಕ್ಕೆ, ತಂದದ್ದು ಏನು, ಇನ್ನು ಮುಂದೆ ಈ ಹಾಡನ್ನು ಹಾಡುವವರು ಯಾರು ಎಂಬ ಮೂರು ಪ್ರಶ್ನೆಗಳು ಆ ರಾತ್ರಿಯೇ ಹುಟ್ಟುತ್ತವೆ. ಅವಕ್ಕೆ ಉತ್ತರ ಹೇಳಲಾರದ ಮೇಳವು ಎಷ್ಟು ದೇಶಗಳನ್ನು ಸುತ್ತಿ ಬಂದರೂ ಪ್ರವಾಸ ಮಾಡಿತೆನ್ನಬಹುದೇ ಹೊರತು ಕಾರ್ಯ ಮಾಡಿತೆನ್ನಲಾಗದು.

ಈ ಪ್ರಶ್ನೆಗಳನ್ನು ರಾಜಧಾನಿಯ ಸಭಾಭವನದಲ್ಲಿ ಕುಳಿತು ಕೇಳುವುದಕ್ಕಿಂತ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನಲ್ಲಿ ನಿಂತು ಕೇಳುವುದು ಮೇಲೆಂದು ನಾವು ಭಾವಿಸುತ್ತೇವೆ. ಈ ಹಳ್ಳಿಗೆ ಪರದೇಶದ ಮಾತು ಹೊಸದಲ್ಲ. ಶ್ರೀ ಎಸ್. ಎಂ. ಕೃಷ್ಣ ಅವರು ಹುಟ್ಟಿದ್ದು ೧೯೩೨ರಲ್ಲಿ ಇಲ್ಲಿಯೇ. ಮೈಸೂರು ಬೆಂಗಳೂರುಗಳಲ್ಲಿ ಓದಿ, ಅಮೆರಿಕದ ಡಲ್ಲಾಸ್ ಮತ್ತು ವಾಷಿಂಗ್ಟನ್ ನಗರಗಳಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗ ಮಾಡಿ ಹಿಂದಿರುಗಿದ ಅವರನ್ನು ೧೯೬೨ರಲ್ಲಿ ಮದ್ದೂರಿನ ಮತದಾರರು ಶಾಸನಸಭೆಗೆ ಆರಿಸಿ ಕಳುಹಿಸಿದರು. ೧೯೯೯ರಿಂದ ೨೦೦೪ರ ವರೆಗೆ ಅವರು ರಾಜ್ಯದ ಮುಖ್ಯಮಂತ್ರಿಗಳು. ೨೦೦೯ರಿಂದ ೨೦೧೨ರ ವರೆಗೆ ಭಾರತದ ವಿದೇಶಾಂಗ ಸಚಿವರು. ೨೦೨೪ರ ಡಿಸೆಂಬರ್ ತಿಂಗಳಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದೂ ಈ ಊರಿನಲ್ಲಿಯೇ. ನಮ್ಮ ಕಲಾವಿದರನ್ನು ಪರದೇಶಗಳಿಗೆ ಕಳುಹಿಸಿಕೊಡುವ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ೧೯೫೦ರಲ್ಲಿ ಮೌಲಾನಾ ಆಜಾದರು ಸ್ಥಾಪಿಸಿದ ಸಂಸ್ಥೆ. ಅದು ವಿದೇಶಾಂಗ ಸಚಿವಾಲಯಕ್ಕೆ ಸೇರಿದೆ. ಕುವೆಂಪು ಅವರ ಗೀತೆಯು ಅಧಿಕೃತವಾಗಿ ನಾಡಗೀತೆಯೆಂದು ಘೋಷಿತವಾದದ್ದು ೨೦೦೪ರ ಜನವರಿ ೬ರಂದು, ಅಂದರೆ ಶ್ರೀ ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ. ಪರದೇಶಕ್ಕೆ ಹೋಗಿಬರುವುದು, ಸ್ವದೇಶದಲ್ಲಿ ಕೂಡಿ ಹಾಡುವುದು, ಈ ಎರಡು ವಿಷಯಗಳಲ್ಲಿಯೂ ಸೋಮನಹಳ್ಳಿಯ ಹೆಸರು ಹೀಗೆ ಸಹಜವಾಗಿಯೇ ಬರುತ್ತದೆ.

ಆದರೆ ಹಾಡಿನ ಮೇಳವೊಂದರ ಕೊನೆಯ ದಿನವು ಎಂಥ ಫಲವನ್ನು ಕೊಡಬಲ್ಲದೆಂಬುದನ್ನು ತಿಳಿಯಲು ನಾವು ಸ್ವಲ್ಪ ದೂರ ಹೋಗಬೇಕಾಗುತ್ತದೆ. ಆ ಇತಿಹಾಸವು ನಮ್ಮಲ್ಲಿ ಬಹಳ ಮಂದಿಗೆ ಪರಿಚಿತವಲ್ಲವಾದ ಕಾರಣ ಇಲ್ಲಿ ಕೊಂಚ ವಿಸ್ತಾರವಾಗಿಯೇ ಹೇಳುತ್ತೇವೆ.

ಅಮೆರಿಕದಲ್ಲಿ ಗುಲಾಮಗಿರಿ ರದ್ದಾದ ಮೇಲೆ, ಟೆನೆಸೀ ಪ್ರಾಂತದ ನ್ಯಾಶ್‌ವಿಲ್ ನಗರದಲ್ಲಿ ಕಪ್ಪು ಜನಾಂಗದವರ ಶಿಕ್ಷಣಕ್ಕಾಗಿ ಫಿಸ್ಕ್ ಎಂಬ ಹೆಸರಿನ ವಿದ್ಯಾಸಂಸ್ಥೆ ೧೮೬೬ರಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದು ಸಾಲದಲ್ಲಿ ಮುಳುಗಿತು. ಅಲ್ಲಿ ಹಣಕಾಸನ್ನೂ ಸಂಗೀತವನ್ನೂ ನೋಡಿಕೊಳ್ಳುತ್ತಿದ್ದ ಜಾರ್ಜ್ ವೈಟ್ ಎಂಬುವರು ೧೮೭೧ರ ಅಕ್ಟೋಬರ್ ೬ರಂದು ೯ ಮಂದಿ ವಿದ್ಯಾರ್ಥಿ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹಾಡಿ ಹಣ ಕೂಡಿಸಲು ಹೊರಟರು. ಅವರಲ್ಲಿ ಬಹುಮಂದಿ ಗುಲಾಮರಾಗಿ ಹುಟ್ಟಿದವರು. ಮೊದಮೊದಲು ಅವರು ಬಿಳಿಯರಿಗೆ ಪ್ರಿಯವಾದ ಹಾಡುಗಳನ್ನೇ ಹಾಡಿದರು. ತಮ್ಮ ತಾಯಿತಂದೆಗಳು ಹತ್ತಿಯ ಹೊಲಗಳಲ್ಲಿ ಹಾಡಿಕೊಳ್ಳುತ್ತಿದ್ದ ಭಕ್ತಿಗೀತೆಗಳನ್ನು ಪರರ ಮುಂದೆ ಹಾಡಲು ಅವರಿಗೆ ಸಂಕೋಚವಿತ್ತು. ಆ ಸಂಕೋಚವನ್ನು ಬಿಟ್ಟು ಅವನ್ನೇ ಹಾಡಿದಾಗ ಸಭೆಗಳು ಮೌನವಾದುವು. ೧೮೭೩ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಹಾಡಿದರು. ಹಾಗೆ ಕೂಡಿಬಂದ ಹಣದಿಂದ ವಿದ್ಯಾಸಂಸ್ಥೆಗೆ ಜುಬಿಲಿ ಹಾಲ್ ಎಂಬ ಭವ್ಯ ಕಟ್ಟಡ ಎದ್ದಿತು. ೧೮೭೬ರಲ್ಲಿ ಅದರ ಪ್ರವೇಶೋತ್ಸವವಾಯಿತು. ಬಿಡುವಿಲ್ಲದ ಪ್ರಯಾಣದಿಂದ ಬಳಲಿದ ಆ ಮೇಳವು ೧೮೭೮ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ವಿಸರ್ಜಿತವಾಯಿತು. ಅವರ ಕೊನೆಯ ದಿನವು ಬಳಲಿಕೆಯ ದಿನವಾಗಿತ್ತೆಂಬುದು ನಿಜ. ಆದರೆ ಅಷ್ಟು ಹೊತ್ತಿಗೆ ಊರಿನಲ್ಲಿ ಕಟ್ಟಡ ನಿಂತಿತ್ತು, ಅದರೊಳಗೆ ಪಾಠ ನಡೆಯುತ್ತಿತ್ತು.

ಹಾಡು ಅಲ್ಲಿಗೆ ನಿಲ್ಲಲಿಲ್ಲ. ಆ ಮೇಳದ ಫ್ರೆಡರಿಕ್ ಲೌಡಿನ್ ಎಂಬ ಗಾಯಕರು ಮತ್ತೆ ತಂಡವನ್ನು ಕಟ್ಟಿ ೧೮೮೪ರಿಂದ ೧೮೯೦ರ ವರೆಗೆ ಪೃಥ್ವಿಯನ್ನು ಸುತ್ತಿದರು. ಆ ಸುತ್ತಿನಲ್ಲಿ ಭಾರತಕ್ಕೂ ಬಂದುಹೋದರು. ಅವರ ತಂಡದಲ್ಲಿದ್ದ ಆರ್ಫಿಯಸ್ ಮ್ಯಾಕಡೂ ಎಂಬುವರು ತಮ್ಮದೇ ಮೇಳವನ್ನು ಕಟ್ಟಿಕೊಂಡು ೧೮೯೦ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿನ ಕಿಂಬರ್ಲಿ ಎಂಬ ವಜ್ರದ ಗಣಿಯ ಊರಿನಲ್ಲಿ ಕೆಲವರು ಆಫ್ರಿಕದ ತರುಣ ತರುಣಿಯರು ಈ ಹಾಡುಗಳನ್ನು ಕೇಳಿದರು. ಕಪ್ಪು ಜನ ಶಾಲೆಗಾಗಿ ಹಾಡಿ ಹಣ ತರಬಹುದೆಂಬ ಮಾತು ಅವರ ಮನಸ್ಸಿನಲ್ಲಿ ನಾಟಿತು. ೧೮೯೧ರಲ್ಲಿ ೧೬ ಮಂದಿಯ ಮೇಳವೊಂದು ಆಫ್ರಿಕದಿಂದ ಇಂಗ್ಲೆಂಡಿಗೆ ಹಡಗು ಹತ್ತಿತು. ಅದರಲ್ಲಿ ಇಬ್ಬರು ಚಿಕ್ಕ ಬಾಲಕರೂ ಇದ್ದರು. ಸ್ವದೇಶದಲ್ಲಿ ಕೈಗಾರಿಕಾ ಶಿಕ್ಷಣದ ಶಾಲೆಗಳನ್ನು ತೆರೆಯುವುದು ಅವರು ಸಾರಿದ ಉದ್ದೇಶ. ಕಚೇರಿಯ ಅರ್ಧ ಭಾಗವನ್ನು ತಮ್ಮ ನಾಡಿನ ಉಡುಪಿನಲ್ಲಿ, ತಮ್ಮ ಭಾಷೆಯಲ್ಲಿ ಹಾಡುತ್ತಿದ್ದರು. ಉಳಿದ ಅರ್ಧವನ್ನು ಇಂಗ್ಲಿಷರ ಉಡುಪಿನಲ್ಲಿ, ಇಂಗ್ಲಿಷ್ ಭಾಷೆಯಲ್ಲಿ. ರಾಣಿಯ ಸಮ್ಮುಖದಲ್ಲಿ ಹಾಡುವ ಮರ್ಯಾದೆಯೂ ಅವರಿಗೆ ದೊರೆಯಿತು.

ಮರ್ಯಾದೆಗೇನೂ ಕೊರತೆಯಿರಲಿಲ್ಲ, ಕೊರತೆಯಾದದ್ದು ಲೆಕ್ಕದಲ್ಲಿ. ಮೇಳವು ಹಣಕಾಸಿನ ತೊಡಕಿಗೆ ಸಿಕ್ಕಿಕೊಂಡಿತು. ಶಾಲೆಗಳಿಗೆಂದು ನಿರೀಕ್ಷಿಸಿದ್ದ ನಿಧಿ ಕೂಡಲಿಲ್ಲ. ಆದರೂ ಅವರಲ್ಲಿ ಕೆಲವರು ಧೈರ್ಯಗೆಡದೆ ಎರಡನೆಯ ಯಾತ್ರೆಗೆ ಹೊರಟು ಕೆನಡಾ ಮತ್ತು ಅಮೆರಿಕಗಳಿಗೆ ಹೋದರು. ಅಲ್ಲಿ ಒಹಾಯೊ ಪ್ರಾಂತದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಯಾತ್ರೆ ಮುರಿದುಬಿತ್ತು. ಕರೆದುಕೊಂಡು ಹೋದವರು ಕೈಬಿಟ್ಟರು. ಕೈಯಲ್ಲಿ ಕಾಸಿಲ್ಲದೆ, ಹಿಂದಿರುಗಲು ಹಡಗಿನ ದುಡ್ಡಿಲ್ಲದೆ, ಆ ತರುಣರು ಪರಕೀಯ ನಗರದಲ್ಲಿ ನಿಂತರು. ಸಂಗೀತಯಾತ್ರೆಯೊಂದಕ್ಕೆ ಇದಕ್ಕಿಂತ ಕೆಟ್ಟ ಕೊನೆಯ ದಿನವನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಆದರೆ ಕಥೆ ತಿರುಗಿದ್ದು ಅಲ್ಲಿಯೇ. ಅಮೆರಿಕದ ಕಪ್ಪು ಜನರ ಧರ್ಮಸಭೆಯೊಂದು ಅವರ ನೆರವಿಗೆ ಬಂದು, ಮೇಳದಲ್ಲಿದ್ದ ಶಾರ್ಲಟ್ ಮಾನ್ಯೆ ಎಂಬ ತರುಣಿಗೆ ತನ್ನದೇ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾನಿಲಯದಲ್ಲಿ ಓದುವ ಅನುಕೂಲವನ್ನು ಮಾಡಿಕೊಟ್ಟಿತು. ಆಕೆ ದಕ್ಷಿಣ ಆಫ್ರಿಕದ ಕಪ್ಪು ಮಹಿಳೆಯರಲ್ಲಿ ಮೊದಲನೆಯ ಪದವೀಧರೆಯಾಗಿ ಸ್ವದೇಶಕ್ಕೆ ಹಿಂದಿರುಗಿದಳು. ಪತಿ ಮಾರ್ಷಲ್ ಮಾಕ್ಸೆಕೆ ಅವರೊಡನೆ ಸೇರಿ ಶಾಲೆಯನ್ನು ಕಟ್ಟಿದಳು. ೧೯೧೩ರಲ್ಲಿ ಬ್ಲೂಮ್‌ಫಾಂಟೈನ್ ನಗರದ ಹೆಂಗಸರು, ತಾವು ಸದಾ ಗುರುತಿನ ಚೀಟಿಯನ್ನು ಹೊತ್ತು ತಿರುಗಬೇಕೆಂಬ ಕಾಯಿದೆಯನ್ನು ಪ್ರತಿಭಟಿಸಿದಾಗ ಆಕೆ ಅವರೊಡನೆ ನಿಂತಳು. ೧೯೧೮ರಲ್ಲಿ ಆ ದೇಶದ ಕಪ್ಪು ಮಹಿಳೆಯರ ಸಂಘವೊಂದನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷೆಯಾದಳು. ಅದೇ ೧೯೧೩ರಲ್ಲಿ ಅದೇ ದೇಶದಲ್ಲಿ ಗಾಂಧೀಜಿಯವರ ಸತ್ಯಾಗ್ರಹದಲ್ಲಿ ಕಸ್ತೂರ್‌ಬಾ ಅವರೂ ಇತರ ಭಾರತೀಯ ಸ್ತ್ರೀಯರೂ ಸೆರೆಮನೆಗೆ ಹೋದರೆಂಬುದನ್ನು ನಮ್ಮ ವಾಚಕರು ಬಲ್ಲರು. ಕ್ಲೀವ್‌ಲ್ಯಾಂಡಿನಲ್ಲಿ ನಿರ್ಗತಿಕಳಾಗಿ ನಿಂತಿದ್ದ ಗಾಯಕಿ ಇಪ್ಪತ್ತು ವರ್ಷಗಳೊಳಗೆ ಜನನಾಯಕಿಯರ ಸಾಲಿನಲ್ಲಿ ನಿಂತಳು.

ಹಾಡಿಗೂ ಆ ದೇಶದಲ್ಲಿ ಸ್ಥಾನ ದೊರೆಯಿತು. ಎನಾಕ್ ಸೊಂಟೊಂಗಾ ಎಂಬ ಶಾಲಾ ಉಪಾಧ್ಯಾಯರು ತಮ್ಮ ಮಕ್ಕಳ ಮೇಳಕ್ಕಾಗಿ ೧೮೯೭ರಲ್ಲಿ ಒಂದು ಪ್ರಾರ್ಥನಾಗೀತೆಯನ್ನು ರಚಿಸಿದರು. ಅದು ಶಾಲೆಯಿಂದ ಶಾಲೆಗೆ ಹಬ್ಬಿ, ೧೯೧೨ರಲ್ಲಿ ಆಫ್ರಿಕನರ ರಾಷ್ಟ್ರೀಯ ಕಾಂಗ್ರೆಸ್ಸು ಜನ್ಮ ತಾಳಿದ ಸಭೆಯಲ್ಲಿ ಹಾಡಲ್ಪಟ್ಟು, ಕಡೆಗೆ ಸ್ವತಂತ್ರ ದಕ್ಷಿಣ ಆಫ್ರಿಕದ ರಾಷ್ಟ್ರಗೀತೆಯ ಭಾಗವಾಯಿತು. ಒಂದು ಬಡ ಶಾಲೆಯ ಮಕ್ಕಳ ಬಾಯಿಂದ ಹೊರಟ ಹಾಡು ಒಂದು ರಾಷ್ಟ್ರದ ಹಾಡಾಗಲು ಸುಮಾರು ನೂರು ವರ್ಷ ಹಿಡಿಯಿತು. ಅಷ್ಟು ಕಾಲವೂ ಅದನ್ನು ಬದುಕಿಸಿದವರು ಕೂಡಿ ಹಾಡಿದ ಸಾಮಾನ್ಯ ಜನ.

ಇಷ್ಟನ್ನು ಹೇಳಿದ್ದು ನಮ್ಮ ನಾಡಿನ ಮಾತಿಗೆ ಬರುವುದಕ್ಕಾಗಿ. ಕೂಡಿ ಹಾಡುವ ವಿದ್ಯೆಯನ್ನು ನಾವು ಪರರಿಂದ ಕಲಿಯಬೇಕಾಗಿಲ್ಲ. ೧೯೨೪ರ ಡಿಸೆಂಬರ್ ತಿಂಗಳಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ ಹುಯಿಲಗೋಳ ನಾರಾಯಣರಾಯರ ಗೀತೆಯು ಅಲ್ಲಿ ಹಾಡಲ್ಪಟ್ಟಿತು. ಆ ಅಧಿವೇಶನದಲ್ಲಿ ಸ್ವಾಗತದ ಹಾಡು ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಒಬ್ಬಳು ಮುಂದೆ ಗಂಗೂಬಾಯಿ ಹಾನಗಲ್ ಎಂದು ಜಗತ್ಪ್ರಸಿದ್ಧಳಾದಳು. ಅದಕ್ಕೆ ಹಿಂದಿನ ವರ್ಷವಷ್ಟೆ ಡಾಕ್ಟರ್ ಹರ್ಡೀಕರರು ಸೇವಾದಳವನ್ನು ಕಟ್ಟಿದ್ದರು. ಕವಾಯತಿನಷ್ಟೇ ಹಾಡೂ ಅಲ್ಲಿ ಶಿಸ್ತಾಗಿತ್ತು. ಸೋಮನಹಳ್ಳಿಯಿರುವ ಇದೇ ಮದ್ದೂರು ತಾಲ್ಲೂಕಿನ ಶಿವಪುರದಲ್ಲಿ ೧೯೩೮ರ ಏಪ್ರಿಲ್ ತಿಂಗಳಲ್ಲಿ, ಶ್ರೀ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನೆರೆದ ಮೈಸೂರು ಕಾಂಗ್ರೆಸ್ಸು ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಿತು. ಆ ಕಾಲದಲ್ಲಿ ಮುಂಜಾನೆ ಬೀದಿಬೀದಿಗಳಲ್ಲಿ ಪ್ರಭಾತಫೇರಿಗಳು ಹೊರಡುತ್ತಿದ್ದುವು. ಅವುಗಳಲ್ಲಿ ನಡೆದವರು ವಿದ್ವಾಂಸರಲ್ಲ. ಶ್ರುತಿ ತಪ್ಪಿದವರೂ ಇದ್ದರು. ಕೇಳಲು ಕುಳಿತ ಸಭಿಕರಂತೂ ಇರಲಿಲ್ಲ, ಹಾಡುವವರೇ ಎಲ್ಲರೂ.

ರಾಜಕೀಯಕ್ಕಿಂತ ಹಳೆಯದಾದ ಪರಂಪರೆಯೂ ಈ ನೆಲದಲ್ಲಿದೆ. ಮಳವಳ್ಳಿಯ ಕಡೆಯ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ರಾತ್ರಿಯಿಡೀ ಹಾಡುವಾಗ ತಂಬೂರಿ ಹಿಡಿದ ಮುಖ್ಯ ಗಾಯಕನೊಬ್ಬನಿಂದ ಕಥೆ ಸಾಗುವುದಿಲ್ಲ; ಅವನು ಬಿಟ್ಟ ಸೊಲ್ಲನ್ನು ಹಿಮ್ಮೇಳದವರು ಎತ್ತಿಕೊಂಡರೇ ಕಥೆಗೆ ಉಸಿರು. ಮದುವೆಯ ಚಪ್ಪರದಲ್ಲಿ ಸೋಬಾನೆ ಹೇಳುವ ಹೆಂಗಸರ ಪದ್ಧತಿಯೂ ಅದೇ: ಒಬ್ಬಳು ಸೊಲ್ಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನು ಹಿಡಿದು ಹಿಂದಿರುಗಿಸುತ್ತಾರೆ. ಕೋಲಾಟದಲ್ಲಿ ಕಾಲಿನ ಹೆಜ್ಜೆಗೂ ಕಂಠಕ್ಕೂ ಒಂದೇ ಲೆಕ್ಕ. ಹಿಮ್ಮೇಳವಿಲ್ಲದ ಹಾಡು ಹಾಡೇ ಅಲ್ಲವೆಂಬುದು ನಮ್ಮ ಹಳ್ಳಿಗರು ಬಹುಕಾಲದಿಂದ ಬಲ್ಲ ಸಂಗತಿ.

ಇಂದಿನ ಸ್ಥಿತಿ ಹೇಗಿದೆ? ನಾಡಗೀತೆಯ ವಿಷಯವನ್ನೇ ತೆಗೆದುಕೊಳ್ಳೋಣ. ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ನಮ್ಮಲ್ಲಿ ವರ್ಷಗಟ್ಟಲೆ ನಡೆಯಿತು. ೨೦೨೨ರ ಸೆಪ್ಟೆಂಬರ್ ತಿಂಗಳಲ್ಲಿ ಸರ್ಕಾರವು ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ೨ ನಿಮಿಷ ೩೦ ಸೆಕೆಂಡುಗಳ ಅವಧಿಯನ್ನೂ ಗೊತ್ತುಮಾಡಿತು. ಅದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ್ದ ಅರ್ಜಿಯು ೨೦೨೪ರ ಏಪ್ರಿಲ್ ತಿಂಗಳಲ್ಲಿ ವಜಾ ಆಯಿತು. ಧಾಟಿಯೂ ನಿಶ್ಚಯವಾಯಿತು, ಅವಧಿಯೂ ನಿಶ್ಚಯವಾಯಿತು. ಆದರೆ ಎಷ್ಟೋ ಸಭೆಗಳಲ್ಲಿ ಯಂತ್ರದಿಂದ ನಾಡಗೀತೆ ಮೊಳಗುತ್ತಿರುವಾಗ ಎದ್ದು ನಿಂತ ಸಭಿಕರ ತುಟಿಗಳು ಅಲುಗುವುದಿಲ್ಲವೆಂಬುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಅಂಥ ಸಭೆಗಳಲ್ಲಿ ವಿದ್ಯಾವಂತರೂ ಅಧಿಕಾರಿಗಳೂ ಮುಂದಿನ ಸಾಲಿನಲ್ಲಿಯೇ ಇರುತ್ತಾರೆ. ಜಾನಪದದ ವಿಷಯದಲ್ಲಿಯೂ ಇದೇ ಭಯ. ನಾಗಮಂಗಲ ತಾಲ್ಲೂಕಿನವರಾದ ಶ್ರೀ ಎಚ್. ಎಲ್. ನಾಗೇಗೌಡರು ಊರೂರು ತಿರುಗಿ, ರಾಮನಗರದ ಬಳಿ ಹೆದ್ದಾರಿಯ ಪಕ್ಕದಲ್ಲಿ ಜಾನಪದ ಲೋಕವನ್ನು ಕಟ್ಟಿ, ಹಾಡುಗಳನ್ನೂ ಕಲೆಗಳನ್ನೂ ಕಾಪಾಡಿದ್ದು ಮಹೋಪಕಾರ. ಆದರೆ ಕಣಜದಲ್ಲಿಟ್ಟ ಬೀಜವನ್ನು ಹೊಲಕ್ಕೆ ಒಯ್ಯುವವರು ಬೇರೆ ಇರಬೇಕಲ್ಲವೆ?

ಹೀಗಿರುವಾಗ ನಮ್ಮ ತರುಣರ ಮೇಳವೊಂದು ಪರದೇಶದಲ್ಲಿ ಹಾಡಿ ಬಂದರೆ ಆಗುವ ಪ್ರಯೋಜನವೇನು? ಅಲ್ಲಿ ಕೊನೆಯ ದಿನದ ಕಚೇರಿಗೆ ಬಂದು ಕೇಳುವವರಲ್ಲಿ ಅಲ್ಲಿಯೇ ನೆಲಸಿರುವ ಕನ್ನಡಿಗರೂ ಇರುತ್ತಾರೆ. ಊರು ಬಿಟ್ಟು ದಶಕಗಳಾದವರು ಸೋಬಾನೆಯ ಸೊಲ್ಲನ್ನು ಕೇಳಿ ಕಣ್ಣೊರಸಿಕೊಂಡರೆ ಅದು ಸಹಜ. ಅವರ ಮಕ್ಕಳಿಗೆ ಆ ಹಾಡು ಕೌತುಕ. ಆದರೆ ಅದೇ ಸೊಲ್ಲನ್ನು ಎತ್ತಿಕೊಳ್ಳುವವರು ಊರಿನಲ್ಲಿಯೇ ಇಲ್ಲದೆ ಹೋದರೆ, ಮೇಳವು ಅಲ್ಲಿ ತೋರಿಸಿದ್ದು ಬದುಕಿರುವ ವಿದ್ಯೆಯನ್ನಲ್ಲ, ಅದರ ನೆನಪನ್ನು. ಹ್ಯಾಂಬರ್ಗಿನಲ್ಲಿ ಮೇಳ ಚದುರಿದಾಗ ನ್ಯಾಶ್‌ವಿಲ್ಲಿನಲ್ಲಿ ಶಾಲೆಯಿತ್ತು. ಕ್ಲೀವ್‌ಲ್ಯಾಂಡಿನಲ್ಲಿ ಯಾತ್ರೆ ಮುರಿದರೂ ಆಫ್ರಿಕದ ಶಾಲೆಗಳಲ್ಲಿ ಮಕ್ಕಳು ಹಾಡುತ್ತಿದ್ದರು. ಮನೆಯ ಹಿಮ್ಮೇಳವು ಗಟ್ಟಿಯಾಗಿದ್ದರೆ ಪರದೇಶದ ಸೋಲೂ ನಷ್ಟವಾಗುವುದಿಲ್ಲ; ಅದು ಬಡಕಲಾಗಿದ್ದರೆ ಪರದೇಶದ ಗೆಲುವೂ ಲಾಭವಾಗುವುದಿಲ್ಲ.

ಆದಕಾರಣ ಅಧಿಕಾರದ ಸ್ಥಾನಗಳಲ್ಲಿರುವವರ ಮುಂದೆಯೂ, ಇಂಥ ಮೇಳಗಳಿಗೆ ನೆರವು ನೀಡುವ ಮಹನೀಯರ ಮುಂದೆಯೂ ಕೆಲವು ಸೂಚನೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಸಾರ್ವಜನಿಕರ ಹಣದಿಂದ ತರುಣರನ್ನು ಪರದೇಶಕ್ಕೆ ಕಳುಹಿಸುವಾಗ ಹಿಂದಿರುಗುವ ಪ್ರಯಾಣದ ಹಣವನ್ನು ಹೊರಡುವ ಮುನ್ನವೇ ಭದ್ರಪಡಿಸತಕ್ಕದ್ದು. ಯಾತ್ರೆ ಮುಗಿದೊಡನೆ ಜಮಾಖರ್ಚನ್ನು ಪ್ರಕಟಿಸತಕ್ಕದ್ದು. ಕ್ಲೀವ್‌ಲ್ಯಾಂಡಿನ ಪಾಠ ಇದು. ಎರಡನೆಯದಾಗಿ, ಏನನ್ನು ಹಾಡಬೇಕೆಂಬುದನ್ನು ಅತಿಥೇಯರ ರುಚಿಯನ್ನು ಊಹಿಸಿ ನಿರ್ಧರಿಸಬಾರದು. ಫಿಸ್ಕಿನ ವಿದ್ಯಾರ್ಥಿಗಳು ತಾವು ನಾಚಿಕೆಪಟ್ಟು ಬಚ್ಚಿಟ್ಟಿದ್ದ ಹಾಡುಗಳಿಂದಲೇ ಲೋಕಮನ್ನಣೆ ಪಡೆದರು. ಮೂರನೆಯದಾಗಿ, ಊರಿಗೆ ಬಂದ ಮೇಳದ ಮೊದಲನೆಯ ಕಚೇರಿ ಬೆಂಗಳೂರಿನ ಭವನದಲ್ಲಿ ನಡೆಯದೆ, ಗಾಯಕರು ಓದಿದ ಹಳ್ಳಿಯ ಶಾಲೆಯ ಅಂಗಳದಲ್ಲಿ ನಡೆಯಲಿ. ಪರದೇಶದಲ್ಲಿ ಬೀಳ್ಕೊಡುಗೆಯ ದಿನ ಅತಿಥೇಯರಿಂದ ಕಲಿತ ಒಂದು ಹಾಡನ್ನೂ ಅಲ್ಲಿ ಹಾಡಲಿ. ಕೊಟ್ಟು ಬಂದವರು ತಂದದ್ದನ್ನೂ ತೋರಿಸಬೇಕು.

ನಾಲ್ಕನೆಯ ಸೂಚನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಹೋಗಿಬಂದ ಪ್ರತಿಯೊಬ್ಬ ತರುಣನೂ ತರುಣಿಯೂ ಒಂದು ವರ್ಷದ ಮಟ್ಟಿಗೆ ವಾರಕ್ಕೊಮ್ಮೆ ಒಂದು ಶಾಲೆಗೆ ಹೋಗಿ ಅಲ್ಲಿನ ಮಕ್ಕಳಿಗೆ ಹಾಡು ಕಲಿಸಲಿ. ಕಳುಹಿಸುವ ಮುನ್ನವೇ ಈ ಒಪ್ಪಂದವಾಗಲಿ. ಇದಕ್ಕೆ ಕಟ್ಟಡ ಬೇಡ, ವಾದ್ಯ ಬೇಡ. ಒಂದು ಕೊಠಡಿ, ಒಂದು ಗಂಟೆ, ಮುಖ್ಯೋಪಾಧ್ಯಾಯರ ಅನುಮತಿ, ಇಷ್ಟು ಸಾಕು. ಹದಿನೈದು ಮಂದಿಯ ಒಂದು ಮೇಳ ಹೀಗೆ ಮಾಡಿದರೆ ಒಂದು ತಾಲ್ಲೂಕಿನ ಹದಿನೈದು ಶಾಲೆಗಳಲ್ಲಿ ಹದಿನೈದು ಹಿಮ್ಮೇಳಗಳು ಹುಟ್ಟಿಕೊಳ್ಳುತ್ತವೆ. ಸೋಬಾನೆ ಬಲ್ಲ ಅಜ್ಜಿಯರು ಊರಿನಲ್ಲಿ ಇನ್ನೂ ಇರುವಾಗಲೇ ಈ ಕಾರ್ಯವು ಆರಂಭವಾಗಬೇಕು. ಅವರನ್ನು ಶಾಲೆಗೆ ಕರೆಸಿ, ಗೌರವದಿಂದ ಕೂರಿಸಿ, ಮಕ್ಕಳ ಮುಂದೆ ಸೊಲ್ಲು ಎತ್ತಿಸಿದರೆ ಅದಕ್ಕಿಂತ ದೊಡ್ಡ ಪಾಠ ಬೇರೆ ಯಾವುದಿದೆ?

ಇದೆಲ್ಲ ಹಾಡಿನ ಮಾತಾಯಿತು, ರಾಜ್ಯಕಾರ್ಯಕ್ಕೂ ಇದಕ್ಕೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಕೂಡಿ ಹಾಡುವವನು ತನ್ನ ಕಂಠವನ್ನು ಪಕ್ಕದವನ ಕಂಠಕ್ಕೆ ಹೊಂದಿಸಿಕೊಳ್ಳಬೇಕು; ತಾನೊಬ್ಬನೇ ಮುಂದೋಡಿದರೂ ಕೆಟ್ಟಿತು, ಹಿಂದುಳಿದರೂ ಕೆಟ್ಟಿತು. ಜಾತಿ ಬೇರೆ, ಬೀದಿ ಬೇರೆ, ಮನೆತನ ಬೇರೆಯಾದ ಮಕ್ಕಳು ಒಂದೇ ಉಸಿರಿಗೆ ಒಂದೇ ಸೊಲ್ಲನ್ನು ಎತ್ತಲು ಕಲಿತರೆ, ಪ್ರಜಾರಾಜ್ಯಕ್ಕೆ ಬೇಕಾದ ಅಭ್ಯಾಸವನ್ನೇ ಅವರು ಕಲಿತಂತೆ. ಶಿವಪುರದಲ್ಲಿ ಬಾವುಟವನ್ನೆತ್ತಿದ ಜನ ಒಬ್ಬರ ಹೆಗಲಿಗೆ ಒಬ್ಬರು ಹೆಗಲು ಕೊಟ್ಟು ನಿಂತದ್ದು ಇಂಥ ಅಭ್ಯಾಸದ ಬಲದಿಂದಲೇ.

ನಮ್ಮ ತರುಣರು ಪರದೇಶಗಳಿಗೆ ಧಾರಾಳವಾಗಿ ಹೋಗಲಿ. ಅಲ್ಲಿನ ವೇದಿಕೆಗಳನ್ನು ಕಾಣಲಿ, ಅಲ್ಲಿನ ಜನರ ಸ್ನೇಹವನ್ನು ಗಳಿಸಲಿ. ಸೋಮನಹಳ್ಳಿಯಿಂದ ವಾಷಿಂಗ್ಟನ್ನಿಗೆ ದಾರಿಯಿದೆಯೆಂಬುದನ್ನು ಈ ಊರಿನವರೇ ತೋರಿಸಿಕೊಟ್ಟಿದ್ದಾರೆ. ಮೇಳಗಳನ್ನು ಕಳುಹಿಸುವ ಮಹನೀಯರು ಬೀಳ್ಕೊಡುಗೆಯ ಭಾಷಣವನ್ನು ಸಿದ್ಧಪಡಿಸುವಾಗಲೇ, ಆ ತರುಣರು ಪರದೇಶದಲ್ಲಿ ಕೊನೆಯ ಹಾಡನ್ನು ಮುಗಿಸಿ ವಿಮಾನ ಹತ್ತಿದ ಮೇಲೆ ಬರುವ ಸೋಮವಾರದಂದು ಯಾವ ಯಾವ ಶಾಲೆಯ ಕೊಠಡಿಗೆ ಹೋಗಬೇಕೆಂಬ ಪಟ್ಟಿಯನ್ನೂ ಸಿದ್ಧಪಡಿಸಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇವೆ.